ಯುವಜನರ ಮಾನಸಿಕ ಆರೋಗ್ಯದ ಸಂಸ್ಥೆ: ಸ್ವಯಂಸೇವಕರ ತಂಡ ವಹಿಸಿಕೊಂಡವರು ಮೊದಲು ಯಾವುದನ್ನು ಸರಿಮಾಡಬೇಕು?

ಪ್ರಶ್ನೆ: ಬೆಳದಿಂಗಳು24

15ರಿಂದ 24 ವರ್ಷದವರಿಗಾಗಿ ಇರುವ ಸಣ್ಣ ಸಂಸ್ಥೆ. ಸಂಬಳದ ಸಿಬ್ಬಂದಿ ಯಾರೂ ಇಲ್ಲ. ಪಟ್ಟಿಯಲ್ಲಿ 22 ಸ್ವಯಂಸೇವಕರು, ಪಾಳಿಗೆ ಬರುವವರು ಹತ್ತು. ವಾರದಲ್ಲಿ ಎರಡು ಸಂಜೆ ಎದುರಾಎದುರು ಮಾತು, ಉಳಿದ ಐದು ಸಂಜೆ ಚಾಟ್. ಮುಂದಿನ ಎರಡು ವರ್ಷ ಸಂಯೋಜಕಿಯ ಹೊಣೆ ನನ್ನ ಮೇಲಿದೆ.

ಸದ್ಯದ ಪರಿಸ್ಥಿತಿ ಹೀಗಿದೆ: ಹುಡುಗ ಹುಡುಗಿಯರು ಸ್ವಯಂಸೇವಕರ ಸ್ವಂತ ನಂಬರಿಗೇ ನಡುರಾತ್ರಿ ಮೆಸೇಜ್ ಹಾಕುತ್ತಾರೆ. ಯಾರಾದರೂ ‘ಸಾಯಬೇಕು ಅನ್ನಿಸ್ತಿದೆ’ ಎಂದರೆ ನಮ್ಮವರು ಒಬ್ಬೊಬ್ಬರು ಒಂದೊಂದು ಥರ ನಡೆದುಕೊಳ್ಳುತ್ತಾರೆ. ಸೇರಿದವರು ನಾಲ್ಕೈದು ತಿಂಗಳಿಗೆ ಸದ್ದಿಲ್ಲದೆ ಕಾಣೆಯಾಗುತ್ತಾರೆ. ಇದರ ಮಧ್ಯೆ ಕಾಲೇಜೊಂದರಲ್ಲಿ 300 ವಿದ್ಯಾರ್ಥಿಗಳಿಗೆ ಪಿಎಚ್‌ಕ್ಯೂ-9 (ಖಿನ್ನತೆಯ ಲಕ್ಷಣ ಅಳೆಯುವ ಪ್ರಶ್ನಾವಳಿ) ತುಂಬಿಸುವ ಶಿಬಿರ ಮಾಡೋಣ ಎಂದು ತಂಡದ ಒತ್ತಾಯ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಕೇಳುಗ

ಎರಡನೆಯದರಿಂದ, ಅಂದರೆ ಸಾಯುವ ಮಾತು ಬಂದಾಗ ಏನು ಮಾಡಬೇಕು ಎಂಬುದರಿಂದ ಶುರು ಮಾಡಿ ಮೇಡಂ. ಉಳಿದದ್ದೆಲ್ಲ ಒಂದು ತಿಂಗಳು ಕಾಯಬಹುದು, ಅದು ಕಾಯುವುದಿಲ್ಲ.

ಮೊದಲು ಒಂದೇ ಪುಟದಲ್ಲಿ ಸ್ವಯಂಸೇವಕರ ಕೆಲಸ ಏನು, ಏನಲ್ಲ ಎಂದು ಬರೆಯಿರಿ. ಕೇಳುವುದು, ಅಪಾಯ ಇದೆಯೇ ಎಂದು ವಿಚಾರಿಸುವುದು, ಸರಿಯಾದ ಕೈಗೆ ಒಪ್ಪಿಸುವುದು, ಇಷ್ಟೇ ಕೆಲಸ. ರೋಗದ ಹೆಸರು ಹೇಳುವುದು, ಮಾತ್ರೆ ಬಿಡು ಅಥವಾ ತಗೋ ಎನ್ನುವುದು, ಮನೆಯವರ ಜಗಳದಲ್ಲಿ ಪಂಚಾಯಿತಿ ಮಾಡುವುದು ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ‘ನೋಡು, ಆಲಿಸು, ಜೋಡಿಸು’ ಎಂಬ ಮೂರು ಮಾತಿನ ಮೇಲೆ ನಿಂತಿದೆ. ಅದು ಅವಘಡ, ಬಿಕ್ಕಟ್ಟುಗಳ ಹೊತ್ತಿಗೆಂದು ಬರೆದದ್ದು. ಆದರೆ ಸ್ವಯಂಸೇವಕರ ಗಡಿ ಎಲ್ಲಿ ಎಂದು ತೋರಿಸಲು ಆ ಮೂರು ಪದಕ್ಕಿಂತ ಚೆನ್ನಾದದ್ದು ಸಿಗಲಿಕ್ಕಿಲ್ಲ. ಎಡವುವುದು ಹೆಚ್ಚಾಗಿ ಮೂರನೆಯದರಲ್ಲಿ. ಚೆನ್ನಾಗಿ ಆಲಿಸುತ್ತಾರೆ, ಆಮೇಲೆ ಜೋಡಿಸದೆ ತಾವೇ ಇಟ್ಟುಕೊಳ್ಳುತ್ತಾರೆ.

ಸಾವಿನ ಮಾತು ಬಂದಾಗ ಪ್ರಶ್ನೆ ಹೇಗೆ ಕೇಳಬೇಕು ಎಂಬುದನ್ನು ಬಾಯಿಪಾಠ ಮಾಡಿಸಿ. ‘ಅಂಥದ್ದೇನೂ ಯೋಚನೆ ಮಾಡ್ತಿಲ್ಲ ಅಲ್ವಾ?’ ಎಂದು ಕೇಳಿದರೆ ಎದುರಿನವರು ‘ಇಲ್ಲ’ ಎಂದೇ ಹೇಳುತ್ತಾರೆ, ಏಕೆಂದರೆ ಕೇಳಿದವರಿಗೆ ಬೇಕಾದ ಉತ್ತರ ಪ್ರಶ್ನೆಯಲ್ಲೇ ಇದೆ. ‘ಇಷ್ಟು ಕಷ್ಟ ಆಗ್ತಿರುವಾಗ ಕೆಲವರಿಗೆ ಸಾಯೋ ಯೋಚನೆ ಬರುತ್ತೆ, ನಿಂಗೆ ಬಂದಿದೆಯಾ?’ ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ತಂಡದಲ್ಲಿ ಇದ್ದೇ ಇರುತ್ತದೆ. ಹಾಗಾಗುವುದಿಲ್ಲ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ‘ಹೌದು’ ಎಂದರೆ ಮುಂದೆ ನಾಲ್ಕು ವಿಷಯ: ಹೇಗೆ ಎಂದು ಯೋಚಿಸಿದ್ದಾರಾ, ಯಾವಾಗ ಎಂದು ಇದೆಯಾ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯಾ, ಹಿಂದೆ ಯತ್ನಿಸಿದ್ದುಂಟಾ.

ಈ ಉತ್ತರಗಳ ಮೇಲೆ ದಾರಿ ಮೂರು. ಯೋಚನೆ ಮಾತ್ರ ಇದ್ದರೆ ಅದೇ ದಿನ ಮೇಲ್ವಿಚಾರಕರಿಗೆ ತಿಳಿಸಿ, ಎರಡು ಮೂರು ದಿನದೊಳಗೆ ವೃತ್ತಿಪರರ ಭೇಟಿ ಗೊತ್ತು ಮಾಡುವುದು. ‘ಹೇಗೆ’ ಎಂಬುದಕ್ಕೆ ಉತ್ತರ ಇದ್ದರೆ, ಅಥವಾ ಹಿಂದಿನ ಯತ್ನವಿದ್ದರೆ, ಮಾತು ಮುಗಿಯುವ ಮೊದಲೇ ಮೇಲ್ವಿಚಾರಕರನ್ನು ಕರೆದು, ಆ ವ್ಯಕ್ತಿ ನಂಬುವ ಒಬ್ಬ ಹಿರಿಯರನ್ನು ಅಂದೇ ಜೊತೆಗೆ ತರುವುದು. ಯಾವಾಗ ಎಂಬುದೂ ಇದ್ದು ಸಾಧನವೂ ಹತ್ತಿರದಲ್ಲಿದ್ದರೆ ತುರ್ತು ಸೇವೆ, ಅದು ಬರುವವರೆಗೆ ಒಬ್ಬರನ್ನೇ ಬಿಡುವಂತಿಲ್ಲ. ಚಾಟಿನಲ್ಲಾದರೆ ಇಬ್ಬರು ಬೇಕೇ ಬೇಕು: ಒಬ್ಬರು ಮಾತು ಮುಂದುವರಿಸುತ್ತಿರಬೇಕು, ಇನ್ನೊಬ್ಬರು ಫೋನ್ ಹಿಡಿಯಬೇಕು. ಅದಕ್ಕೇ ಚಾಟ್ ಶುರುವಾದ ಕೂಡಲೇ ‘ಈಗ ಎಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಲೈನ್ ಕಟ್ ಆದರೆ ಯಾವ ನಂಬರಿಗೆ ಮಾಡಲಿ’ ಎಂದು ಕೇಳಿಟ್ಟುಕೊಳ್ಳುವುದು. ಕೊನೆಗೆ ಕೇಳೋಣ ಎಂದುಕೊಂಡರೆ ಆ ಹೊತ್ತಿಗೆ ಹೇಳುವ ಮನಸ್ಸು ಅವರಿಗಿರುವುದಿಲ್ಲ.

ಇನ್ನೊಂದು, ‘ಯಾರಿಗೂ ಹೇಳಲ್ಲ’ ಎಂದು ಯಾರೂ ಮಾತು ಕೊಡಕೂಡದು. ಮೊದಲ ಎರಡು ನಿಮಿಷದಲ್ಲೇ ಹೇಳುವ ವಾಕ್ಯ ಇದು: ‘ನೀನು ಹೇಳಿದ್ದು ನಮ್ಮಲ್ಲೇ ಇರುತ್ತೆ. ಆದ್ರೆ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನ್ನಿಸಿದ್ರೆ, ಯಾರಾದ್ರೂ ನಿನಗೆ ಹಿಂಸೆ ಕೊಡ್ತಿದ್ರೆ, ನಾನು ಇನ್ನೊಬ್ಬರನ್ನ ಸೇರಿಸಿಕೊಳ್ತೀನಿ, ನಿಂಗೆ ಹೇಳಿಯೇ ಸೇರಿಸಿಕೊಳ್ತೀನಿ.’

ಉತ್ತರ 2: ಹಳೇಬೇರು

ಕೇಳುಗ ಅವರು ಹೇಳಿದ ವ್ಯವಸ್ಥೆ ನಿಲ್ಲಬೇಕಾದರೆ ಪಾಳಿಗೆ ಜನ ಬೇಕು. ನಿಮ್ಮ ಲೆಕ್ಕ ಸ್ವಲ್ಪ ಹಾಕಿ ನೋಡಿ. ವಾರದ ಏಳು ದಿನವೂ ತೆರೆದಿದೆ, ಪಾಳಿಗೆ ಇಬ್ಬರಂತೆ 14 ಜಾಗ. ಹತ್ತು ಜನ ವಾರಕ್ಕೊಂದು ಪಾಳಿ ಮಾಡಿದರೆ ತುಂಬುವುದು 10. ಉಳಿದ ನಾಲ್ಕನ್ನು ಯಾರು ತುಂಬುತ್ತಿದ್ದಾರೆ? ‘ಇಲ್ಲ’ ಎನ್ನಲು ಬಾರದ ಮೂರು ನಾಲ್ಕು ಜನ. ಐದನೇ ತಿಂಗಳಿಗೆ ಮಾಯವಾಗುತ್ತಿರುವವರು ಅವರೇ ಇರಬೇಕು, ಹಾಜರಿ ಪುಸ್ತಕ ತೆಗೆದು ನೋಡಿ. ಅವರು ಹೋದ ಮೇಲೆ ಆ ಭಾರ ಮುಂದಿನ ಮೂವರ ಹೆಗಲಿಗೆ.

ಆದ್ದರಿಂದ ನಾಲ್ಕು ದಿನಕ್ಕೆ ಇಳಿಸಿ. ಎಂಟು ಜಾಗ, ಹತ್ತು ಜನ, ಇಬ್ಬರು ಕಾಯ್ದಿಟ್ಟವರು. ಒಬ್ಬರಿಗೆ ಪರೀಕ್ಷೆ, ಇನ್ನೊಬ್ಬರಿಗೆ ಜ್ವರ ಬಂದರೂ ಬಾಗಿಲು ಮುಚ್ಚಬೇಕಾಗುವುದಿಲ್ಲ. ಹೇಳಿದ ನಾಲ್ಕು ದಿನ ಖಂಡಿತ ಇರುವುದು, ಏಳು ದಿನ ಇರಬಹುದು ಇಲ್ಲದಿರಬಹುದು ಎನ್ನುವುದಕ್ಕಿಂತ ಬರುವ ಮಕ್ಕಳಿಗೆ ಒಳ್ಳೆಯದು. ಪಟ್ಟಿಯಲ್ಲಿರುವ ಉಳಿದ 12 ಮಂದಿಗೆ ಒಂದೊಂದು ಫೋನ್ ಮಾಡಿ ‘ಇರ್ತೀರಾ, ಮೂರು ತಿಂಗಳು ಬಿಡುವು ಬೇಕಾ, ಬಿಡ್ತೀರಾ’ ಎಂದು ಕೇಳಿ. ಬಿಡಲು ಮರ್ಯಾದೆಯ ಬಾಗಿಲು ಇಲ್ಲದಿದ್ದರೆ ಜನ ಹಿತ್ತಲಿಂದ ಹೋಗುತ್ತಾರೆ. ಮುಂದೆ ಸೇರುವವರಿಗೆ ಆರು ತಿಂಗಳ ಒಪ್ಪಂದ, ಮುಗಿದಾಗ ಕೂತು ಮಾತಾಡಿ ನವೀಕರಣ.

ಪಾಳಿ ಎರಡೂವರೆ ಗಂಟೆ ಮೀರದಿರಲಿ. ಅದರಲ್ಲಿ ಕೊನೆಯ 15 ನಿಮಿಷ ಹೊಸಬರನ್ನು ತೆಗೆದುಕೊಳ್ಳದೆ ಟಿಪ್ಪಣಿಗೆ, ಜೊತೆಯವರೊಡನೆ ಎರಡು ಮಾತಿಗೆ. ಹದಿನೈದು ದಿನಕ್ಕೊಮ್ಮೆ ಐದೈದು ಜನರ ಗುಂಪಿಗೆ ಒಂದು ಗಂಟೆ ಮೇಲ್ವಿಚಾರಣೆ, ಅದನ್ನು ನಡೆಸುವವರು ಹೊರಗಿನ ವೃತ್ತಿಪರ ಆಪ್ತಸಮಾಲೋಚಕರು. ಸಂಯೋಜಕಿಯೇ ನಡೆಸಿದರೆ, ಪಾಳಿ ಹಂಚುವವರ ಮುಂದೆ ‘ನನ್ನ ಕೈಲಾಗ್ತಿಲ್ಲ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಣವಿಲ್ಲದಿದ್ದರೆ ಬ್ಯಾನರು, ಟಿ-ಶರ್ಟಿನ ಖರ್ಚು ಕಡಿದು ಇದಕ್ಕೆ ಹಾಕಿ.

ಕಷ್ಟದ ಮಾತುಕತೆಯಾದ ಸ್ವಯಂಸೇವಕರಿಗೆ 24 ಗಂಟೆಯೊಳಗೆ ಒಂದು ಫೋನ್ ಹೋಗಬೇಕು: ಊಟ ನಿದ್ದೆ ಹೇಗಿದೆ, ಮುಂದಿನ ಪಾಳಿ ಬೇಕಾ ಬೇಡವಾ. ಇಷ್ಟು ಸಾಕು. ಎಲ್ಲರನ್ನೂ ಕೂಡಿಸಿ ನಡೆದದ್ದನ್ನೆಲ್ಲ ಕಡ್ಡಾಯವಾಗಿ ಹೇಳಿಸುವ ಪದ್ಧತಿಗೆ ಹೋಗಬೇಡಿ. ಅಂಥ ಒಂದೇ ಬೈಠಕ್ಕು ಆಘಾತದ ನಂತರದ ಕಾಯಿಲೆಯನ್ನು ತಡೆಯುವುದಿಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕು ಎಂದು 2002ರಲ್ಲೇ ಕಾಕ್ರೇನ್ ಪರಾಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿದೆ.

ನಡುರಾತ್ರಿ ಮೆಸೇಜಿನ ವಿಷಯ ಬೇಗ ಮುಗಿಯುತ್ತದೆ: ಸಂಸ್ಥೆಯ ಹೆಸರಲ್ಲಿ ಒಂದು ಸಿಮ್, ಒಂದು ಫೋನ್, ಅದು ಪಾಳಿಯವರ ಕೈಯಲ್ಲಿ ಮಾತ್ರ. ಪಾಳಿ ಮುಗಿದ ಮೇಲಿನ ಮೆಸೇಜಿಗೆ ತಾನಾಗಿ ಹೋಗುವ ಉತ್ತರದಲ್ಲಿ ಮುಂದಿನ ಪಾಳಿಯ ದಿನ, ಹೊತ್ತು ಮತ್ತು 24 ಗಂಟೆಯ ಸಹಾಯವಾಣಿಯ ನಂಬರ್ ಇರಲಿ. ಈಗಾಗಲೇ ಸ್ವಂತ ನಂಬರ್ ಹಿಡಿದಿರುವವರನ್ನು ಒಂದೇ ದಿನ ಬ್ಲಾಕ್ ಮಾಡಿಸಬೇಡಿ. ಆ ಸ್ವಯಂಸೇವಕರೇ ಎರಡು ವಾರ ‘ಇನ್ನು ಈ ನಂಬರಿಗೆ ಹಾಕು, ಅಲ್ಲಿ ನಾನೂ ಇರ್ತೀನಿ, ಬೇರೆಯವರೂ ಇರ್ತಾರೆ’ ಎಂದು ದಾಟಿಸಲಿ.

ಉತ್ತರ 3: ಅಂಕಿಅಂಶ

ಶಿಬಿರದ ಬಗ್ಗೆ ಮಾತ್ರ ಹೇಳುತ್ತೇನೆ: ಸದ್ಯಕ್ಕೆ ಬೇಡ.

ಪಿಎಚ್‌ಕ್ಯೂ-9 ಎಂದರೆ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು ಎಂದಷ್ಟೇ ಅರ್ಥ, ಖಿನ್ನತೆ ಇದೆ ಎಂದಲ್ಲ. ಪರೀಕ್ಷೆಯ ಹಿಂದಿನ ವಾರ ತುಂಬಿಸಿದರೆ ನಿದ್ದೆ, ಸುಸ್ತು, ಗಮನ ಇವೇ ಮೂರು ನಾಲ್ಕು ಪ್ರಶ್ನೆಗಳಿಂದ ಅರ್ಧ ತರಗತಿ ಹತ್ತರ ಹತ್ತಿರ ಬಂದು ನಿಲ್ಲುತ್ತದೆ. 18 ತುಂಬದವರಿಗೆ ಅದರದೇ ಬೇರೆ ರೂಪ, ಪಿಎಚ್‌ಕ್ಯೂ-ಎ, ಇದೆ. ದೊಡ್ಡವರದ್ದನ್ನೇ ಹಂಚಬಾರದು.

ನಿಜವಾದ ತೊಡಕು ಒಂಬತ್ತನೇ ಪ್ರಶ್ನೆ, ಸಾವಿನ ಯೋಚನೆಯದು. ಒಟ್ಟು 6 ಬಂದವರೂ ಒಂಬತ್ತನೆಯದಕ್ಕೆ 1 ಹಾಕಿರಬಹುದು. ಒಟ್ಟು ಮೊತ್ತ ಮಾತ್ರ ನೋಡುವವರು ಆ ಹಾಳೆಯನ್ನು ‘ಪರವಾಗಿಲ್ಲ’ ಕಟ್ಟಿಗೆ ಸೇರಿಸಿಬಿಡುತ್ತಾರೆ. 300ರಲ್ಲಿ 15 ಮಂದಿ ಅಲ್ಲಿ ಗುರುತು ಹಾಕಿದರು ಎಂದಿಟ್ಟುಕೊಳ್ಳಿ. ತಲಾ 40 ನಿಮಿಷದಂತೆ ಹತ್ತು ಗಂಟೆಯ ಮಾತು, ಅದೂ ಅಂದೇ. ನಿಮ್ಮ ಹತ್ತರಲ್ಲಿ ಆ ಮಾತಾಡಬಲ್ಲವರು ಎಷ್ಟು ಮಂದಿ? ಹೆಸರು ಬರೆಸದೆ ತುಂಬಿಸಿದರೆ ಇನ್ನೂ ಕೆಟ್ಟದ್ದು: ಯಾರೋ ಹೌದು ಎಂದಿದ್ದಾರೆ ಎಂದು ನಿಮಗೆ ಗೊತ್ತು, ಯಾರು ಎಂದು ಗೊತ್ತಿಲ್ಲ.

ಬದಲಿಗೆ 30ರಂತೆ ತರಗತಿಗೆ ಹೋಗಿ 45 ನಿಮಿಷ ಮಾತಾಡಿ. ಗೆಳೆಯನೊಬ್ಬ ಮೌನವಾದರೆ ಏನು ಕೇಳಬೇಕು, ಯಾರ ಬಳಿ ಕರೆದುಕೊಂಡು ಹೋಗಬೇಕು, ಇಷ್ಟೇ ವಿಷಯ. ಮುಗಿದ ಮೇಲೆ ಇಬ್ಬರು ಒಂದು ಗಂಟೆ ಅಲ್ಲೇ ಕಾರಿಡಾರಿನಲ್ಲಿ ಉಳಿಯಲಿ. ಮಾತಾಡಬೇಕಾದವರು ಆ ಗಂಟೆಯಲ್ಲೇ ಬರುತ್ತಾರೆ.

ಬೆಳದಿಂಗಳು24

ಮೂವರಿಗೂ ಥ್ಯಾಂಕ್ಸ್. ನಾಲ್ಕು ದಿನಕ್ಕೆ ಇಳಿಸುವ ಮಾತು ಇಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಇನ್ನೆರಡು ಪ್ರಶ್ನೆ: ಟಿಪ್ಪಣಿಯಲ್ಲಿ ಎಷ್ಟು ಬರೆಯಬೇಕು? ಪೋಸ್ಟರಿನ ಭಾಷೆಯ ಬಗ್ಗೆ ಯಾರಾದರೂ ಹೇಳುತ್ತೀರಾ?

ಉತ್ತರ 4: ಕರಡುತಿದ್ದುವವ

ಟಿಪ್ಪಣಿ ಐದು ಸಾಲು: ದಿನಾಂಕ, ಹೆಸರಿನ ಬದಲು ಒಂದು ಸಂಖ್ಯೆ, ಅಪಾಯದ ಪ್ರಶ್ನೆಗೆ ಬಂದ ಉತ್ತರ ಅವರದೇ ಮಾತಿನಲ್ಲಿ, ಯಾರಿಗೆ ಒಪ್ಪಿಸಿದ್ದು, ತಲುಪಿದರೇ ಎಂದು ಯಾವಾಗ ವಿಚಾರಿಸುವುದು. ಸಂಖ್ಯೆಗೂ ಹೆಸರಿಗೂ ತಾಳೆ ಹಾಕುವ ಪಟ್ಟಿ ಬೇರೆ ಕಡೆ, ಇಬ್ಬರ ಕೈಯಲ್ಲಿ ಮಾತ್ರ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ನಿನ್ನೆ ಬಂದ ಆ ಬಿ.ಎಸ್ಸಿ. ಹುಡುಗಿ’ ಎಂದು ಬರೆದರೂ ಗುಟ್ಟು ರಟ್ಟಾದಂತೆಯೇ. ‘ಖಿನ್ನತೆ ಇದ್ದಂತಿದೆ’ ಎಂಬ ಊಹೆ ಬೇಡ. ‘ಹತ್ತು ದಿನದಿಂದ ತರಗತಿಗೆ ಹೋಗಿಲ್ಲ ಎಂದಳು’ ಎಂದು ಬರೆಯಿರಿ. ದಾನಿಗಳಿಗೆ ಕೊಡುವ ವರದಿಯಲ್ಲೂ ‘ಇಷ್ಟು ಸಾವಿರ ಯುವಕರನ್ನು ತಲುಪಿದೆವು’ ಎನ್ನುವುದಕ್ಕಿಂತ, ಒಪ್ಪಿಸಿದವರಲ್ಲಿ ಎಷ್ಟು ಮಂದಿ ಏಳು ದಿನದೊಳಗೆ ವೃತ್ತಿಪರರನ್ನು ಕಂಡರು ಎಂಬ ಒಂದು ಅಂಕಿ ಹೆಚ್ಚು ಹೇಳುತ್ತದೆ.

ಪೋಸ್ಟರಿಗೆ: ‘ಆತ್ಮಹತ್ಯೆಗೆ ಶರಣು’ ಎಂಬ ಪತ್ರಿಕೆಯ ಸವಕಲು ಶೀರ್ಷಿಕೆ ನಿಮ್ಮ ಬರಹಕ್ಕೆ ನುಸುಳದಿರಲಿ. ಶರಣು ಎಂದಾಗ ಅದೊಂದು ಆಸರೆ ಎಂಬ ಧ್ವನಿ ಬರುತ್ತದೆ. ‘ವಿಫಲ ಯತ್ನ’ವೂ ಬೇಡ, ಬದುಕುಳಿದದ್ದನ್ನು ವೈಫಲ್ಯ ಎಂದ ಹಾಗಾಯಿತು. ಹೇಗೆ, ಎಲ್ಲಿ ಎಂಬ ವಿವರ ಬೇಡ, ಸಾಯುವ ಮುನ್ನ ಬರೆದಿಟ್ಟ ಪತ್ರದ ಸಾಲು ಬೇಡ, ಒಂದೇ ಕಾರಣ ಹೇಳಿ ಮುಗಿಸುವುದೂ ಬೇಡ (‘ಫೇಲಾದದ್ದಕ್ಕೆ’). ವಿಯೆನ್ನಾದ ಸುರಂಗ ರೈಲಿನಲ್ಲಿ ಇಂಥ ಸಾವುಗಳು ಹೆಚ್ಚಿದಾಗ 1987ರಲ್ಲಿ ಪತ್ರಿಕೆಗಳು ವರದಿ ಮಾಡುವ ರೀತಿ ಬದಲಿಸಿದವು, ಸಾವುಗಳು ಗಣನೀಯವಾಗಿ ಇಳಿದವು. ತಲೆತಗ್ಗಿಸಿ ಮಂಡಿ ಅಪ್ಪಿ ಮೂಲೆಯಲ್ಲಿ ಕೂತ ಹುಡುಗಿಯ ಕಪ್ಪುಬಿಳುಪು ಚಿತ್ರವನ್ನೂ ಬಿಡಿ, ನೋಡಿ ನೋಡಿ ಸಾಕಾಗಿದೆ. ನಿಮ್ಮ ಕೋಣೆಗೆ ಬರುವ ಬಾಗಿಲಿನ ಫೋಟೋ, ದಿನ, ಹೊತ್ತು, ನಂಬರ್, ಕೆಳಗೆ ‘ಏನಾಗಿದೆ ಅಂತ ಗೊತ್ತಿಲ್ಲದಿದ್ರೂ ಬನ್ನಿ’ ಎಂಬ ಸಾಲು ಸಾಕು.

ಕೇಳುಗ

ಒಂದು ಮರೆತಿದ್ದೆ. 18 ತುಂಬದವರ ಜೊತೆಗಿನ ಮಾತು ಗಾಜಿನ ಕಿಟಕಿಯಿರುವ ಕೋಣೆಯಲ್ಲಿ, ಇನ್ನೊಬ್ಬ ಸ್ವಯಂಸೇವಕರ ಕಣ್ಣಳತೆಯಲ್ಲಿ ನಡೆಯಲಿ: ಮಾತು ಕೇಳಿಸಬಾರದು, ಜನ ಕಾಣಿಸಬೇಕು. ಮತ್ತೆ ಆ ಫೋನಿನ ಚಾರ್ಜರ್ ಕೋಣೆಯಲ್ಲೇ ಕಟ್ಟಿಹಾಕಿ ಮೇಡಂ. ಬ್ಯಾಟರಿ ಹೋಗುವುದು ಬೇಡದ ಹೊತ್ತಲ್ಲೇ.