ಮೆಕಾಲೆಯಿಂದ ಶುರುವಾಗಿ ಅತ್ತೆಯ ಕಾಲೇಜಿಗೆ ಬಂದ ಮಾತು

ದೊಡ್ಡ ಕಾಕಾ: (ಫಾರ್ವರ್ಡ್) 1835ರ ಫೆಬ್ರವರಿ 2ರಂದು ಬ್ರಿಟಿಷ್ ಅಧಿಕಾರಿ ಮೆಕಾಲೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದ್ದು ಓದಿ. ಇಡೀ ಭಾರತ ಸುತ್ತಿದರೂ ಒಬ್ಬ ಭಿಕ್ಷುಕ, ಒಬ್ಬ ಕಳ್ಳ ಕಾಣಲಿಲ್ಲವಂತೆ. ನಮ್ಮ ಶಿಕ್ಷಣ ಕೆಡಿಸಿದ್ದು ಇವನೇ. ಮಕ್ಕಳಿಗೂ ಓದಿ ಹೇಳಿ.

ಹುಮನಾಬಾದ್ ಮಾಮಾ: ನೂರಕ್ಕೆ ನೂರು ಸತ್ಯ 🙏 ಅದಕ್ಕೇ ಈಗಿನ ಹುಡುಗರು ಹಿರಿಯರು ಬಂದರೂ ಫೋನಿನಿಂದ ತಲೆ ಎತ್ತಲ್ಲ.

ಬೆಂಗಳೂರು ತಮ್ಮ: ಎಲ್ಲಿ ಸಿಕ್ಕಿತು ಕಾಕಾ ಇದು? ಮೆಕಾಲೆ 1834ರಲ್ಲೇ ಭಾರತಕ್ಕೆ ಬಂದಿದ್ದ. ಆ ದಿನ ಕಲ್ಕತ್ತೆಯಲ್ಲಿದ್ದವನು ಲಂಡನ್ನಿನಲ್ಲಿ ಹೇಗೆ ಭಾಷಣ ಮಾಡ್ತಾನೆ?

ದೊಡ್ಡ ಕಾಕಾ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಅಪ್ಪನ ಪುಣ್ಯತಿಥಿಗೆ ಯಾಕೆ ಬರಲಿಲ್ಲ, ಅದನ್ನು ಹೇಳು ಮೊದಲು.

ಬೆಂಗಳೂರು ತಮ್ಮ: ರಜೆ ಸಿಗಲಿಲ್ಲ ಅಂತ ಆಗಲೇ ಹೇಳಿದ್ದೆ. 1835ರ ಆ ದಿನ ಮೆಕಾಲೆ ಬರೆದ ಟಿಪ್ಪಣಿ ಒಂದು ನಿಜವಾಗಿಯೂ ಇದೆ. ಸಂಸ್ಕೃತ, ಅರಬ್ಬಿಗೆ ಸರ್ಕಾರದ ದುಡ್ಡು ಬೇಡ, ಇಂಗ್ಲಿಷ್ ಕಲಿಸಿ ಅಂತ. ಭಾರತದ, ಅರಬ್ಬರ ಸಾಹಿತ್ಯ ಎಲ್ಲ ಸೇರಿದರೂ ಯುರೋಪಿನ ಲೈಬ್ರರಿಯ ಒಂದು ಸಾಲು ಪುಸ್ತಕಕ್ಕೆ ಸಮ ಆಗಲ್ಲ ಅಂತ ಬರೆದಿದ್ದ. ಸಿಟ್ಟು ಬರಬೇಕಾದ್ದು ಅದಕ್ಕೆ. ಸುಳ್ಳು ಯಾಕೆ ಹಂಚಬೇಕು?

ಯಾದಗಿರಿ ಅಕ್ಕ: ನಮ್ಮ ಮುತ್ಯಾ ಉರ್ದು ಶಾಲೆಯಲ್ಲಿ ಓದಿದವರು ಅಲ್ವಾ. ಲೆಕ್ಕ ಉರ್ದುವಿನಲ್ಲಿ, ವಚನ ಕನ್ನಡದಲ್ಲಿ. ಚಳಿಯಲ್ಲಿ ಹೊಲಕ್ಕೆ ಕರ್ಕೊಂಡು ಹೋಗಿ, ಜೋಳದ ತೆನೆ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಸೀತನಿ ಕೊಡ್ತಿದ್ದರು, ಜೊತೆಗೆ ಶೇಂಗಾ ಹಿಂಡಿ. ಆ ಹೊಲ ಮಾರಬಾರದಿತ್ತು.

ಹುಮನಾಬಾದ್ ಮಾಮಾ: ಹೊಲದ ಮಾತು ಇಲ್ಲಿ ಬೇಡ.

ನಾನು: ಅಕ್ಕ ಹೇಳಿದ್ದು ಮುಖ್ಯ. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ನೇರ ಬ್ರಿಟಿಷರದ್ದಲ್ಲ, ಹೈದರಾಬಾದ್ ನಿಜಾಮನ ಆಳ್ವಿಕೆ. ಕಚೇರಿ, ಶಾಲೆ ಉರ್ದುವಿನಲ್ಲಿ. ಕಲಬುರಗಿಯವರು ಎಲ್ಲವನ್ನೂ ಮೆಕಾಲೆ ಒಬ್ಬನ ಮೇಲೆ ಹಾಕಿದರೆ ನಮ್ಮ ಕಥೆ ನಮಗೇ ಗೊತ್ತಾಗಲ್ಲ.

ಸೇಡಂ ಅತ್ತೆ: ಅಣ್ಣಾ, ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು 1934ರಲ್ಲೇ ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು 1986ರಲ್ಲಿ, ಫಸ್ಟ್ ಕ್ಲಾಸ್. ಕಾಲೇಜಿನ ಫಾರಂ ತುಂಬಿ, ಫೋಟೋ ಅಂಟಿಸಿ, ಅಪ್ಪನ ಸಹಿಗೆ ದೇವರ ಜಗುಲಿ ಮೇಲೆ ಇಟ್ಟಿದ್ದೆ. ಗಂಡುಹುಡುಗರ ಜೊತೆ ಬಸ್ಸಿನಲ್ಲಿ ಹೋಗೋದು ಬೇಡ ಅಂದಿದ್ದು ನೀನು. ಅದೇ ವರ್ಷ ನಿನ್ನ ಇಂಜಿನಿಯರಿಂಗ್ ಸೀಟಿಗೆ ಡೊನೇಷನ್ ಕಟ್ಟಿದರು. ನನ್ನನ್ನು ತಡೆದವರು ಯಾರು, ಮೆಕಾಲೆನಾ, ನಿಜಾಮನಾ?

ದೊಡ್ಡ ಕಾಕಾ: ಇದು ಗುಂಪಿನಲ್ಲಿ ಆಡುವ ಮಾತಲ್ಲ. ಮನೆಗೆ ಬಾ, ಮಾತಾಡೋಣ.

ಹುಮನಾಬಾದ್ ಮಾಮಾ: ದೊಡ್ಡವರಿಗೆ ಎದುರಾಡುವುದು ನಮ್ಮ ಸಂಸ್ಕೃತಿ ಅಲ್ಲಮ್ಮ.

ನಾನು: ಮಾಮಾ, ನಿಮ್ಮ ಬಸವಕಲ್ಯಾಣದಲ್ಲೇ ಅಕ್ಕಮಹಾದೇವಿ ಅಲ್ಲಮಪ್ರಭುವಿನ ಒಂದೊಂದು ಪ್ರಶ್ನೆಗೂ ಎದುರು ನಿಂತು ಉತ್ತರ ಕೊಟ್ಟಳು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಅದು ನಮ್ಮ ಸಂಸ್ಕೃತಿ ಅಲ್ವಾ? ಅತ್ತೆ ಇಷ್ಟು ವರ್ಷ ಸುಮ್ನಿದ್ದದ್ದೇ ಜಾಸ್ತಿ. ಅವರು ಕೇಳಿದ್ದಕ್ಕೆ ಉತ್ತರ ಕೊಡಿ.

ಯಾದಗಿರಿ ಅಕ್ಕ: ನಾನೂ ಅತ್ತೆ ಕಡೆ.

ಸೇಡಂ ಅತ್ತೆ: ಉತ್ತರ ಬೇಡ ಬಿಡಿ. ಅಣ್ಣಾ, ಜಾತ್ರೆಯಲ್ಲಿ ನೀನು ಹೇಳಿದ ಶಹಾಬಾದಿನ ಸಂಬಂಧ ನಮಗೆ ಬೇಡ. ಮೊಮ್ಮಗಳಿಗೆ ಇನ್ನೂ ಹದಿನೇಳು, ಅವಳು ಬಿಎಸ್ಸಿ ಓದ್ತಾಳೆ. ಆ ಮನೆಯವರಿಗೆ ಇವತ್ತೇ ಫೋನ್ ಮಾಡಿ ಹೇಳು.