ಒಂದೇ ಮೌಲ್ಯಕ್ಕೆ ಎರಡೆರಡು ಸಲ ಸೈನ್ ಎಕ್ಸ್‌ಟೆನ್ಷನ್ ಏಕೆ?

ಪ್ರಶ್ನೆ: ಮೇಡಂ, ನನ್ನ ಸಿ ಪ್ರೋಗ್ರಾಮಿನ ಒಂದು ಫಂಕ್ಷನ್ ತನಗೆ ಬಂದ ಸೈನ್ಡ್ ಚಾರ್ (8 ಬಿಟ್‌ನ, ಋಣವೂ ಆಗಬಲ್ಲ ಪೂರ್ಣಾಂಕ) ಮೌಲ್ಯವನ್ನು ಇನ್ನೊಂದು ಫಂಕ್ಷನ್ನಿಗೆ ದಾಟಿಸುತ್ತದೆ, ಅಷ್ಟೆ. ಎಕ್ಸ್86-64 ಲಿನಕ್ಸ್‌ನಲ್ಲಿ ಓ2 ಆಪ್ಟಿಮೈಸೇಷನ್ ಕೊಟ್ಟರೂ ಜಿಸಿಸಿ ಕಂಪೈಲರ್, ಆ ಫಂಕ್ಷನ್ನಿಗೆ ಜಂಪ್ ಮಾಡುವ ಮುಂಚೆ ಮೂವ್‌ಎಸ್‌ಬಿಎಲ್ ಹಾಕುತ್ತದೆ; ಅಂದರೆ 8 ಬಿಟ್ ಮೌಲ್ಯವನ್ನು ಚಿಹ್ನೆ ಉಳಿಸಿಕೊಂಡು 32 ಬಿಟ್‌ಗೆ ಹಿಗ್ಗಿಸುವ (ಸೈನ್ ಎಕ್ಸ್‌ಟೆನ್ಷನ್) ಇನ್‌ಸ್ಟ್ರಕ್ಷನ್. ಆ ಇನ್ನೊಂದು ಫಂಕ್ಷನ್ ಅದನ್ನು ಇಂಟ್ ಆಗಿ ಬಳಸುವಾಗ ಮತ್ತೆ ಅದೇ ಇನ್‌ಸ್ಟ್ರಕ್ಷನ್. ಕ್ಲ್ಯಾಂಗ್ ಕಂಪೈಲರಿನಲ್ಲಿ ಎರಡೂ ಇಲ್ಲ. ಇದು ಜಿಸಿಸಿಯ ದೋಷವೇ?

ಉತ್ತರ: ದೋಷವಲ್ಲ, ಮುನ್ನೆಚ್ಚರಿಕೆ. ಮೊದಲ ಆರ್ಗ್ಯುಮೆಂಟ್ ಇಡಿಐ ರಿಜಿಸ್ಟರಿನಲ್ಲಿ ಬರುತ್ತದೆ. ನಿಮ್ಮ ಮೌಲ್ಯ ಇರುವುದು ಅದರ ಕೆಳಗಿನ 8 ಬಿಟ್‌ಗಳಲ್ಲಿ ಮಾತ್ರ. ಮೇಲಿನ 24 ಬಿಟ್‌ಗಳಲ್ಲಿ ಏನಿರಬೇಕೆಂದು ಸಿಸ್ಟಮ್ ವಿ ಎಬಿಐ (ಫಂಕ್ಷನ್‌ಗಳು ಒಂದನ್ನೊಂದು ಕರೆಯುವಾಗ ಪಾಲಿಸಬೇಕಾದ ನಿಯಮಾವಳಿ) ಹೇಳಿಯೇ ಇಲ್ಲ. ಹಾಗಾಗಿ ಜಿಸಿಸಿ ಕಳುಹಿಸುವಾಗ ವಿಸ್ತರಿಸಿಯೇ ಕಳುಹಿಸುತ್ತದೆ, ಪಡೆಯುವಾಗ ಯಾರನ್ನೂ ನಂಬದೆ ಮತ್ತೆ ವಿಸ್ತರಿಸುತ್ತದೆ. ಕ್ಲ್ಯಾಂಗ್ ಮಾತ್ರ ಕರೆದವರು 32 ಬಿಟ್‌ಗೆ ವಿಸ್ತರಿಸಿರುತ್ತಾರೆ ಎಂದು ನಂಬಿಬಿಡುತ್ತದೆ. ಬರೆದಿಡದ ಕರಾರಿನ ಮೇಲೆ ಇಷ್ಟು ಭಾರ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ನಾನೇ ಅಸೆಂಬ್ಲಿಯಲ್ಲಿ ಬರೆದು ಕ್ಲ್ಯಾಂಗ್‌ನ ಫಂಕ್ಷನ್ ಕರೆದರೆ ಅಪಾಯವೇ?

ಉತ್ತರ: ಹೌದು. -1 ಕಳುಹಿಸಬೇಕೆಂದು ಕೆಳಗಿನ ಎಂಟೂ ಬಿಟ್‌ಗಳಲ್ಲಿ 1 ತುಂಬಿದಿರಿ, ಮೇಲಿನವು ಸೊನ್ನೆಯಾಗಿದ್ದವು ಎನ್ನಿ. ಜಿಸಿಸಿಯ ಫಂಕ್ಷನ್ -1 ಎಂದೇ ಓದುತ್ತದೆ, ಕ್ಲ್ಯಾಂಗ್‌ನದು 255 ಎಂದು ಓದಬಹುದು. ಆದ್ದರಿಂದ ಕರೆಯುವ ಕಡೆ ಮೂವ್‌ಎಸ್‌ಬಿಎಲ್ ಬಿಡಲೇಬೇಡಿ.

ವೇಗದ ಚಿಂತೆ ಅಷ್ಟೇನೂ ಬೇಡ, ಆ ಇನ್‌ಸ್ಟ್ರಕ್ಷನ್ ಸಾಮಾನ್ಯವಾಗಿ ಒಂದು ಸೈಕಲ್‌ನ ಕೆಲಸ. ಎರಡೂ ಫಂಕ್ಷನ್ ಒಂದೇ ಫೈಲಿನಲ್ಲಿದ್ದರೆ ಕರೆಸಿಕೊಳ್ಳುವುದನ್ನು ಸ್ಟ್ಯಾಟಿಕ್ (ಆ ಫೈಲಿಗಷ್ಟೇ ಸೀಮಿತ) ಮಾಡಿ. ಇನ್‌ಲೈನ್ ಆದರೆ, ಅಂದರೆ ಅದರ ಕೋಡ್ ಕರೆಯುವ ಜಾಗಕ್ಕೇ ಸೇರಿಕೊಂಡರೆ, ಕರೆಯೇ ಇರುವುದಿಲ್ಲ, ಈ ವಿಸ್ತರಣೆಯ ತಕರಾರೂ ಇರುವುದಿಲ್ಲ. ಬೇರೆ ಫೈಲಿನಲ್ಲಿದ್ದರೆ ಪ್ಯಾರಾಮೀಟರನ್ನು ಇಂಟ್ ಮಾಡಿ.

ಪ್ರಶ್ನೆ: ಆರ್ಮ್, ರಿಸ್ಕ್-ವಿ ಪ್ರೊಸೆಸರುಗಳಲ್ಲೂ ಇದೇ ಕಥೆಯೇ?

ಉತ್ತರ: 64 ಬಿಟ್ ಆರ್ಮ್‌ನ ಮೂಲ ನಿಯಮದಲ್ಲಿ ವಿಸ್ತರಣೆ ಕರೆಸಿಕೊಂಡವರ ಹೊಣೆ. ಆಪಲ್ ತನ್ನ ಎಬಿಐಯಲ್ಲಿ ಅದನ್ನು ಕರೆಯುವವರಿಗೆ ವಹಿಸಿದೆ. 64 ಬಿಟ್ ರಿಸ್ಕ್-ವಿಯ ನಿಯಮ ಸ್ಪಷ್ಟವಾಗಿದೆ, ಆದರೆ ಮೊದಲ ಸಲ ನೋಡಿದವರು ಬೆರಗಾಗುತ್ತಾರೆ: ಅನ್‌ಸೈನ್ಡ್ ಇಂಟ್ ಕೂಡ 32ರಿಂದ 64 ಬಿಟ್‌ಗೆ ಹೋಗುವುದು ಸೈನ್ ಎಕ್ಸ್‌ಟೆನ್ಷನ್ ಮೂಲಕವೇ! ಅದನ್ನೇ ಅರೇ ಇಂಡೆಕ್ಸ್ ಆಗಿ ಬಳಸಿದರೆ ಮೇಲಿನ ಅರ್ಧವನ್ನು ಸೊನ್ನೆ ಮಾಡಬೇಕು. ಮೂಲ ಇನ್‌ಸ್ಟ್ರಕ್ಷನ್ ಸೆಟ್‌ನಲ್ಲಿ ಅದಕ್ಕೆ 32 ಬಿಟ್ ಎಡಕ್ಕೆ ಸರಿಸಿ, ಮತ್ತೆ ಬಲಕ್ಕೆ ಸರಿಸಬೇಕಾಗುತ್ತದೆ. ಇಂಡೆಕ್ಸಿಗೆ ಸೈಜ್_ಟಿ (ಇಲ್ಲಿ 64 ಬಿಟ್‌ನ ಅನ್‌ಸೈನ್ಡ್ ವಿಧ) ಬಳಸಿ, ಆ ಸರಿಸುವ ಕೆಲಸವೇ ಬೇಕಾಗುವುದಿಲ್ಲ.