ಬಿಸಿಲಿಗೆ ಕೂರುವುದೂ ಕೆಲಸವೇ

"ಒಂಬತ್ತಾದರೂ ಜಗುಲಿ ಮೇಲೆ ಬಿಸಿಲು ಕಾಯಿಸುತ್ತಾ ಕೂತರೆ ತೋಟಕ್ಕೆ ಹೋಗೋದು ಯಾವಾಗ?" ಅಂತ ಸುಬ್ಬಣ್ಣ ಕೇಳಿದ್ದೇ ತಡ, ರಾಘು ಬೇಲಿ ಕಡೆ ಕೈ ತೋರಿಸಿದ. "ಮೊದಲು ಅದನ್ನ ಕೇಳಿ."

ಗೂಟದ ಮೇಲೆ ಓತಿಕ್ಯಾತ. ಮೈ ಚಪ್ಪಟೆ ಮಾಡಿಕೊಂಡು, ಕಪ್ಪಗೆ, ಸೂರ್ಯನಿಗೆ ಬೆನ್ನು ಒಡ್ಡಿ ಕೂತಿತ್ತು.

"ಅದು ಸೋಮಾರಿ ಅಲ್ಲ ಮಾರಾಯ" ಅಂದೆ. "ನಮ್ಮ ಹಾಗೆ ಒಳಗಿಂದ ಮೈ ಬಿಸಿ ಮಾಡಿಕೊಳ್ಳೋಕೆ ಅದಕ್ಕಾಗಲ್ಲ. ಬೆಳಿಗ್ಗೆ ಬಣ್ಣ ಕಪ್ಪಾದಷ್ಟೂ ಬಿಸಿಲು ಜಾಸ್ತಿ ಹೀರುತ್ತೆ, ಕಾದ ಮೇಲೆ ಬಣ್ಣ ತಿಳಿಯಾಗುತ್ತೆ, ಆಮೇಲೂ ತಡೆಯದಿದ್ರೆ ಬಾಯಿ ತೆರೆದು ಕೂರುತ್ತೆ, ಇಲ್ಲಾ ನೆರಳಿಗೆ ಓಡುತ್ತೆ."

"ನಂದೂ ಡಿಟ್ಟೋ."

"ಅದು ನಿನ್ನ ಹಾಗೆ ಎಂಟು ಕಡುಬು ತಿನ್ನಲ್ಲ" ಅಂದರು ಸುಬ್ಬಣ್ಣ.

ತಮಾಷೆಗೆ ಅಂದರೂ ಮಾತು ನಿಜ. ನಾವು ತಿಂದಿದ್ದರಲ್ಲಿ ದೊಡ್ಡ ಪಾಲು ಮೈ ಬಿಸಿ ಇಟ್ಟುಕೊಳ್ಳೋದಕ್ಕೇ ಹೋಗುತ್ತೆ. ಹಾವಿಗೆ ಆ ಖರ್ಚಿಲ್ಲ, ಒಂದು ಇಲಿ ನುಂಗಿ ವಾರಗಟ್ಟಲೆ ಬಿದ್ದಿರಬಹುದು. ಆದರೆ ಅರಗೋದಕ್ಕೆ ಬಿಸಿ ಬೇಕೇ ಬೇಕು. ಮೈ ತೀರಾ ತಣ್ಣಗಾದರೆ ನುಂಗಿದ್ದನ್ನ ಕಕ್ಕಿಬಿಡೋದೂ ಉಂಟು.

"ಮತ್ತೆ ನಮ್ಮ ಬಚ್ಚಲ ಕಪ್ಪೆ ಯಾಕೆ ಬಿಸಿಲಿಗೆ ಬರಲ್ಲ?" ಮಂಜನ ಪ್ರಶ್ನೆ.

"ಅದು ಚರ್ಮದಿಂದಲೂ ಉಸಿರಾಡುತ್ತೆ ಕಣೋ, ಚರ್ಮ ಒಣಗಿದರೆ ಕಥೆ ಮುಗೀತು. ಬೇಸಿಗೆಯಲ್ಲಿ ಹಂಡೆ ಸಂದಿಯೋ, ಒದ್ದೆ ದರಗಿನ ಅಡಿಯೋ ಸೇರಿಕೊಳ್ಳುತ್ತೆ, ಕೆಲವು ಜಾತಿ ಮಣ್ಣೊಳಗೇ ಹೂತುಕೊಂಡು ಮಳೆ ಕಾಯುತ್ತವೆ. ಅಲಾಸ್ಕದಲ್ಲಿ ಒಂದು ಕಪ್ಪೆ ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತೆ, ಹೃದಯವೂ ನಿಲ್ಲುತ್ತೆ. ಪಿತ್ತಜನಕಾಂಗ ರಕ್ತಕ್ಕೆ ಸಕ್ಕರೆ ಸುರಿದು ಜೀವಕೋಶ ಕಾಪಾಡುತ್ತೆ. ಹಿಮ ಕರಗಿದ ಮೇಲೆ ಎದ್ದು ಕುಪ್ಪಳಿಸುತ್ತೆ."

"ಸಕ್ಕರೆ ಕಾಯಿಲೆಯವರಿಗೆ ಅಲಾಸ್ಕ ಒಳ್ಳೇದು ಅನ್ನು" ಅಂದರು ಸುಬ್ಬಣ್ಣ. ಅವರಿಗೆ ಶುಗರ್ ಇದೆ.

ನನಗೆ ಎಲ್ಲಕ್ಕಿಂತ ಹಿಡಿಸೋದು ಆಗುಂಬೆ ಕಡೆಯ ಕಾಳಿಂಗ. ಮಳೆಗಾಲಕ್ಕೆ ಮುಂಚೆ ತಾಯಿ ಹಾವು ಮೈಯನ್ನೇ ಕೈ ಮಾಡಿಕೊಂಡು ದರಗು ಎಳೆದು ಗುಡ್ಡೆ ಹಾಕಿ, ಒಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕೂರುತ್ತೆ. ಜಡಿಮಳೆ ನೀರು ಮೊಟ್ಟೆಗೆ ತಾಗಲ್ಲ, ಎಲೆ ಕೊಳೆಯೋ ಬಿಸಿಗೆ ಒಳಗೆಲ್ಲ ನಮ್ಮ ಗೊಬ್ಬರಗುಂಡಿ ಹಾಗೆ ಬೆಚ್ಚಗಿರುತ್ತೆ.

"ಆ ಬಿಸಿ ಹೆಚ್ಚುಕಮ್ಮಿ ಆದ್ರೆ?" ಮತ್ತೆ ಮಂಜ.

"ಕಡಲಾಮೆಗಳದ್ದು ಕೇಳು. ಮೊಟ್ಟೆಯಿಟ್ಟ ಮರಳು ಜಾಸ್ತಿ ಕಾದರೆ ಹುಟ್ಟೋದೆಲ್ಲ ಹೆಣ್ಣು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಅನ್ನೋ ಹವಳದ ದಿಬ್ಬಗಳ ಉತ್ತರ ಭಾಗದಲ್ಲಿ ಹುಟ್ಟಿದ ಎಳೇ ಹಸಿರಾಮೆಗಳಲ್ಲಿ ನೂರಕ್ಕೆ 99 ಹೆಣ್ಣು ಅಂತ 2018ರಲ್ಲಿ ಲೆಕ್ಕ ಸಿಕ್ಕಿತು."

ರಾಘು ನೆಟ್ಟಗೆ ಕೂತ. ಅಡಿಕೆ ತೋಟ ಇದ್ದರೂ ಊರಲ್ಲೇ ಇದ್ದಾನೆ ಅನ್ನೋ ಕಾರಣಕ್ಕೆ ಅವನಿಗೆ ಹೆಣ್ಣು ಸಿಕ್ಕಿಲ್ಲ.

"ಅಲ್ಲಿ ಜಾತಕ ಕೇಳ್ತಾರಾ?"